ಮೂರಂಚೆಯ ಕಾವಲು

ಆದೋನಿಯ ಹತ್ತಿ ಮಾರುಕಟ್ಟೆಯ ಎದುರಿಗಿರುವ ಚಹದಂಗಡಿಯಲ್ಲಿ ಒಂದು ಬೆಳಗ್ಗೆ ತೆಲುಗು ಪತ್ರಿಕೆಯ ಹಾಳೆಯೊಂದು ಕೈಗೆ ಸಿಕ್ಕಿತು. ಚುನಾವಣೆ ಮುಗಿದು ಮತಯಂತ್ರಗಳು ಬೀಗ ಹಾಕಿದ ಕೋಣೆ ಸೇರಿದ್ದ ದಿನಗಳು ಅವು. ತಲೆಬರಹದಲ್ಲಿ ‘ಮೂಡಂಚೆಲ ಭದ್ರತ’ ಎಂದು ದಪ್ಪಕ್ಷರದಲ್ಲಿತ್ತು. ತೆಲುಗು ಲಿಪಿ ಓದಲು ಬರುತ್ತದಾದರೂ ನನ್ನದು ಕನ್ನಡದ ಕಣ್ಣು. ಅದು ಓದಿದ್ದೇ ಬೇರೆ: ಮೂರು ಅಂಚೆಯ ಭದ್ರತೆ. ಮತಯಂತ್ರ ಕಾಯುವುದಕ್ಕೂ ಅಂಚೆಗೂ ಏನು ಸಂಬಂಧ?

ಪಕ್ಕದಲ್ಲಿ ಕೂತಿದ್ದ ಹಿರಿಯ ರೈತರೊಬ್ಬರನ್ನು ಕೇಳಿದೆ. ಮನೆಯಲ್ಲಿ ಕನ್ನಡ, ಮಾರುಕಟ್ಟೆಯಲ್ಲಿ ತೆಲುಗು ಆಡುವ ಜನ ಈ ಸೀಮೆಯ ತುಂಬ ಇದ್ದಾರೆ, ಅವರೂ ಅಂಥವರೇ. ಬಾಯಿಮಾತಿನಲ್ಲಿ ಹೇಳುವ ಬದಲು ಅವರು ಬೆಂಚಿನ ಮೇಲೆ ಚಹದ ಗ್ಲಾಸು ಇಟ್ಟರು. ಅದರಿಂದ ಒಂದು ಗೇಣು ಆಚೆ ಬೀಡಿಕಟ್ಟು, ಇನ್ನೊಂದು ಗೇಣು ಆಚೆ ಬೆಂಕಿಪೊಟ್ಟಣ. “ಇದು ಒಂದಂಚೆ. ಇದು ಎರಡನೇದು. ಇದು ಮೂರನೇದು. ಇದನ್ನ ದಾಟಿದ್ರ ಅದು ಐತಿ, ಅದನ್ನ ದಾಟಿದ್ರ ಇದು ಐತಿ. ಅದಕ್ಕ ಮೂಡಂಚೆಲು” ಎಂದರು. ಹಂಗಾದ್ರ ಕಾಗದ ಬರೋದಕ್ಕೆ ನೀವೇನಂತೀರಿ ಎಂದು ಕೇಳಿದೆ. “ಅದು ಟಪಾಲು” ಎಂದು ಬೆಂಕಿಪೊಟ್ಟಣ ಎತ್ತಿಕೊಂಡು ಬೀಡಿ ಹಚ್ಚಿದರು.

ಬೆಂಚಿನ ಮೇಲೆ ಆ ಮೂರು ಸಾಮಾನು ಸಾಲಾಗಿ ಕೂತಿದ್ದ ರೀತಿ ಬಹಳ ದಿನ ತಲೆಯಲ್ಲೇ ಉಳಿಯಿತು. ಗೇಣಿಗೊಂದು ಠಾಣೆ, ಠಾಣೆಯಿಂದ ಠಾಣೆಗೆ ಕೈದಾಟು. ನಮ್ಮ ‘ಅಂಚೆ’ ಎಂಬ ಪದದ ಹಳೆಯ ರೂಪ ಅದೇ ಎಂಬುದು ನಾನು ಆಮೇಲೆ ತಲುಪಿದ ತೀರ್ಮಾನ. ಕಾಗದ, ಮನಿಯಾರ್ಡರು, ಖಾಕಿ ಚೀಲ, ಕೆಂಪು ಡಬ್ಬಿ ಇವೆಲ್ಲ ಬರುವುದಕ್ಕೆ ಬಹಳ ಮುಂಚೆ ಈ ಪದ ಕಾವಲು ಕಾಯುತ್ತಿತ್ತು, ಸುದ್ದಿ ಕದಿಯುತ್ತಿತ್ತು. ಒಬ್ಬ ಮನುಷ್ಯನ ಹೆಸರಿನ ಮುಂದೆ ಬಿರುದಾಗಿ ನಿಂತು, ಕಡೆಗೆ ಅವನ ಜೊತೆ ಸೆರೆಮನೆಯನ್ನೂ ಕಂಡಿತು.

ಮೊದಲು ಒಂದು ತೊಡಕು ಬಿಡಿಸಿಕೊಳ್ಳಬೇಕು. ಹಳಗನ್ನಡ ಓದಿದವರಿಗೆ ‘ಅಂಚೆ’ ಎಂದರೆ ಹಂಸ. ಕಾಂಸ್ಯ ಎಂಬುದು ಕಂಚು ಆದ ದಾರಿಯಲ್ಲೇ ಹಂಸ ಎಂಬುದು ಅಂಚೆಯಾಗಿದೆ. ಮುಂದಿನ ಹಕಾರ ಉದುರಿದೆ, ಸಕಾರ ಚಕಾರವಾಗಿದೆ. ಅಂಚೆದುಪ್ಪುಳ್ ಎಂದರೆ ಹಂಸದ ಮೃದುವಾದ ಪುಕ್ಕ, ಅಂಚೆವಿಂಡು ಎಂದರೆ ಹಂಸಗಳ ಹಿಂಡು. ನಳನ ಸುದ್ದಿಯನ್ನು ದಮಯಂತಿಗೆ ಹಂಸ ಒಯ್ದ ಕಥೆ ಎಲ್ಲರಿಗೂ ಗೊತ್ತು. ಹೀಗಾಗಿ ಪತ್ರ ಒಯ್ಯುವ ಅಂಚೆಗೆ ಹೆಸರು ಬಂದದ್ದು ಹಂಸದಿಂದಲೇ ಎಂದು ಹೇಳುವವರು ನಮ್ಮಲ್ಲಿ ಬಹಳ. ಕೇಳಲು ಎಷ್ಟು ಚೆಂದ! ನಾನೂ ಶಾಲೆಯಲ್ಲಿ ಇದನ್ನೇ ಕೇಳಿ ನಂಬಿದ್ದೆ. ಈಗ ನಂಬುವುದಿಲ್ಲ, ಮತ್ತು ನಂಬಿಕೆ ಬಿಡಿಸಿದ್ದು ಗಡಿಯಾಚೆಯ ಭಾಷೆಗಳೇ.

ತೆಲುಗಿನಲ್ಲಿ ಹಂಸಕ್ಕೆ ‘ಅಂಚ’ ಎನ್ನುತ್ತಾರೆ. ರಾಜಹಂಸ ಅವರಿಗೆ ‘ರಾಯಂಚ’. ಕಾವಲಿನ ಸಾಲಿಗೆ, ಕೈದಾಟಿನ ಠಾಣೆಗೆ ‘ಅಂಚೆ’ ಎನ್ನುತ್ತಾರೆ. ಕೊನೆಯ ಸ್ವರವೊಂದೇ ಎರಡು ಪದಗಳನ್ನು ಬೇರೆ ಬೇರೆಯಾಗಿ ಹಿಡಿದಿಟ್ಟಿದೆ. ಕನ್ನಡದಲ್ಲಿ ಆ ಎರಡೂ ಎಕಾರದಲ್ಲಿ ಮುಗಿದು ಒಂದೇ ದನಿಯಾದವು, ಹಕ್ಕಿಯ ಕಥೆ ಹುಟ್ಟಿದ್ದು ಆ ಗಲಿಬಿಲಿಯಲ್ಲಿ. ತಮಿಳಿನ ಸಾಕ್ಷಿ ಇನ್ನೂ ಗಟ್ಟಿ. ಅಲ್ಲಿ ಹಂಸಕ್ಕೆ ‘ಅನ್ನಂ’ ಎಂದು ಹೆಸರು. ಆದರೆ ಪತ್ರವ್ಯವಸ್ಥೆಗೆ ‘ಅಂಜಲ್’. ಒಬ್ಬರ ಕೈಯಿಂದ ಒಬ್ಬರ ಕೈಗೆ ಕೋಲು ದಾಟಿಸುತ್ತ ಓಡುವ ಆಟ ಇದೆಯಲ್ಲ, ನಾವು ರಿಲೇ ಎನ್ನುವುದು, ಅದಕ್ಕೂ ತಮಿಳರು ‘ಅಂಜಲ್ ಓಟ’ ಎಂದೇ ಹೇಳುತ್ತಾರೆ. ಹಂಸಕ್ಕೆ ಬೇರೆಯೇ ಹೆಸರಿರುವ ಭಾಷೆಯಲ್ಲೂ ಈ ಪದ ಕೈದಾಟಿನ ಅರ್ಥದಲ್ಲಿ ನಿಂತಿದೆ ಎಂದಮೇಲೆ ಹಂಸವನ್ನು ಅದರ ಕೆರೆಗೆ ಬಿಟ್ಟುಬಿಡುವುದೇ ಸರಿ. ಇನ್ನು ತಿರುವಾಂಕೂರಿನ ‘ಅಂಜಲ್’ಗೆ ಆ ಹೆಸರು ಕೊಟ್ಟವನು ಕರ್ನಲ್ ಮನ್ರೋ, ದೂತ ಎಂಬ ಅರ್ಥದ ಗ್ರೀಕ್ ಪದದಿಂದ ಅದನ್ನು ಮಾಡಿದ ಎಂದು ಹೇಳುವವರೂ ಕೇರಳದಲ್ಲಿದ್ದಾರೆ. ಆ ಮನ್ರೋ ತಿರುವಾಂಕೂರಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅಷ್ಟು ಹೊತ್ತಿಗೆ ಮೈಸೂರಿನಲ್ಲಿ ಅಂಚೆ ನೂರು ವರ್ಷ ಓಡಿಯಾಗಿತ್ತು.

ತೆಲುಗಿನವರು ಈ ಪದವನ್ನು ಬಿಡದೆ ದುಡಿಸಿಕೊಂಡಿದ್ದಾರೆ. ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದವನನ್ನು ‘ಅಂಚೆಲಂಚೆಲುಗಾ’ ಬೆಳೆದ ಎನ್ನುತ್ತಾರೆ. ಗ್ರಾಮ, ಮಂಡಲ, ಜಿಲ್ಲೆ ಎಂಬ ಪಂಚಾಯತಿ ಏರ್ಪಾಡಿಗೆ ‘ಮೂಡಂಚೆಲ ವ್ಯವಸ್ಥ’ ಎನ್ನುತ್ತಾರೆ. ನಾವು ಅದಕ್ಕೆ ‘ಮೂರು ಹಂತ’ ಎಂದೆವು. ಅಂಚೆಯನ್ನು ಕಾಗದಕ್ಕೆ ಮೀಸಲಿಟ್ಟು, ಅದರ ಹಳೆಯ ಕೆಲಸವನ್ನು ಹಂತಕ್ಕೆ ಕೊಟ್ಟೆವು.

ಕನ್ನಡ ನಾಡಿನಲ್ಲಿ ಈ ಪದಕ್ಕೆ ಸರ್ಕಾರದ ಮುದ್ರೆ ಬಿದ್ದದ್ದು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ. 1673ರಿಂದ 1704ರವರೆಗೆ ಆಳಿದ ಅವರು ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ಹಂಚಿದರು, ಜನ ಅದನ್ನು ಅಠಾರ ಕಛೇರಿ ಎಂದರು. ರಾಜ್ಯದ ಉದ್ದಗಲಕ್ಕೂ ಕ್ರಮವಾದ ಅಂಚೆ ಮೊದಲಾದದ್ದು ಅವರಿಂದಲೇ. ಇದರ ಬಗ್ಗೆ ಸ್ಪಷ್ಟವಾಗಿ ಬರೆದವನು ಮಾರ್ಕ್ ವಿಲ್ಕ್ಸ್. 1803ರಿಂದ ಕೆಲವು ವರ್ಷ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದವನು. 1810ರಿಂದ 1817ರ ನಡುವೆ ಮೂರು ಸಂಪುಟಗಳಲ್ಲಿ ಮೈಸೂರಿನ ಇತಿಹಾಸ ಅಚ್ಚು ಮಾಡಿಸಿದ. ಮೈಸೂರಿನ ಅಂಚೆ ಬರೀ ಕಾಗದ ಸಾಗಿಸುವ ಸಾಧನವಲ್ಲ, ಅದು ಪೊಲೀಸಿನ ಯಂತ್ರವೂ ಹೌದು ಎಂಬುದು ಅವನ ಮಾತಿನ ಸಾರ. ಅಂಚೆಯ ಮೇಲಾಳುಗಳು ಅರಮನೆಯ ನಂಬಿಕಸ್ಥರು, ಕೆಳಗಿನವರು ಬಹಿರಂಗವಾಗಿಯೇ ಬೇಹುಗಾರರು. ಸೀಮೆಯಲ್ಲಿ ಯಾರು ಯಾರ ಮನೆಗೆ ಹೋದರು, ಏನು ಮಾತಾಡಿದರು, ಎಲ್ಲಿ ಗುಟ್ಟಾಗಿ ಏನು ನಡೆಯಿತು, ಅದೆಲ್ಲ ಠಾಣೆಯಿಂದ ಠಾಣೆಗೆ ಓಡಿ ಶ್ರೀರಂಗಪಟ್ಟಣ ಸೇರುತ್ತಿತ್ತು.

ಇದನ್ನು ಓದಿದ ಮೇಲೆ ‘ಅಂಚೆಯವನು ಬಂದ’ ಎಂಬ ಮಾತನ್ನು ಆ ಕಾಲದ ಒಬ್ಬ ಶಾನುಭೋಗನ ಕಿವಿಯಿಂದ ಕೇಳಿಸಿಕೊಳ್ಳಲು ಯತ್ನಿಸಿದ್ದೇನೆ. ನಾವು ಆ ಮಾತು ಕೇಳಿ ಅಂಗಳಕ್ಕೆ ಓಡಿ ಬಂದ ಪೀಳಿಗೆ. ಅವನಿಗೆ ಎದೆ ಝಲ್ಲೆಂದಿರಬೇಕು. ಲೆಕ್ಕದ ಕಡತ ನೇರ ಮಾಡಿಕೊಂಡು, ಜಗಲಿಯಲ್ಲಿ ಕೂತ ನೆಂಟರನ್ನು ಒಳಗೆ ಕಳಿಸಿ, ಮಾತು ತಗ್ಗಿಸಿರಬೇಕು.

ಹೈದರ್ ಅಲಿ ಈ ಯಂತ್ರವನ್ನು ಇನ್ನಷ್ಟು ಬಿಗಿ ಮಾಡಿದ. ಅವನಿಗೆ ಓದುಬರಹ ಬರುತ್ತಿರಲಿಲ್ಲ, ರಾಜ್ಯವನ್ನು ಕಿವಿಯಿಂದಲೇ ಆಳಿದ. ಕಿವಿಯಿಂದ ಆಳುವವನಿಗೆ ಸುದ್ದಿ ತರುವವನು ಬಲಗೈ. ಆ ಜಾಗದಲ್ಲಿ ಬಂದು ನಿಂತವನು ಶಾಮಯ್ಯ. ಅಂಚೆಯೂ ಪೊಲೀಸೂ ಅವನ ಕೈಯಲ್ಲಿದ್ದವು. ಇಂದಿನ ಮಾತಿನಲ್ಲಿ ಅವನು ಮಂತ್ರಿಯೂ ಹೌದು, ಗುಪ್ತಚರ ಮುಖ್ಯಸ್ಥನೂ ಹೌದು. ಇತಿಹಾಸದ ಪುಸ್ತಕಗಳಲ್ಲಿ ಅವನ ಹೆಸರು ಒಂಟಿಯಾಗಿ ಬರುವುದೇ ಅಪರೂಪ, ಬರುವುದು ‘ಅಂಚೆ ಶಾಮಯ್ಯ’ ಎಂದೇ. ಕನ್ನಡದಲ್ಲಿ ಪದವಿಯೊಂದು ಹೆಸರಿಗೆ ಅಂಟಿಕೊಳ್ಳುವುದು ಹೊಸದಲ್ಲ. ಆದರೆ ಆ ಎರಡು ಪದಗಳು ಒಟ್ಟಿಗೆ ನಿಂತಾಗ ಇವತ್ತಿನ ಓದುಗನಿಗೆ ಪತ್ರ ಹಂಚುವ ಬಡ ಮನುಷ್ಯ ಕಾಣುತ್ತಾನೆ, ಅಂದಿನ ಅಧಿಕಾರಿಗಳಿಗೆ ತಮ್ಮ ಹಣದ ಗಂಟು ಎಲ್ಲಿದೆ ಎಂದು ತಿಳಿದವನು ಕಾಣುತ್ತಿದ್ದ.

ಈ ಸುದ್ದಿಸರಪಳಿ ಎಷ್ಟು ಬಿಗಿಯಾಗಿತ್ತು ಎಂಬುದಕ್ಕೆ ಆದೋನಿಯ ದಾರಿಯಲ್ಲೇ ಒಂದು ಸಾಕ್ಷಿಯಿದೆ. ಆಗ ಆದೋನಿ ನಿಜಾಮ್ ಅಲಿಯ ತಮ್ಮ ಬಸಾಲತ್ ಜಂಗನ ಜಾಗೀರು. ಗುಡ್ಡದ ಮೇಲಿನ ಆ ಕೋಟೆ ವಿಜಯನಗರದವರದ್ದಾಗಿತ್ತು, ಆಮೇಲೆ ಬಿಜಾಪುರದ ಸಿದ್ದಿ ಮಸೂದ್ ಖಾನನದ್ದಾಯಿತು. ಅವನು ಕಟ್ಟಿಸಿದ ಜಾಮಿಯಾ ಮಸೀದಿ ಇಂದಿಗೂ ಊರಿನ ಕಣ್ಣು. 1779ರಲ್ಲಿ ಬಸಾಲತ್ ಜಂಗ್ ಗುಂಟೂರನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಅವನ ಬೆಂಬಲಕ್ಕೆ ಕರ್ನಲ್ ಹಾರ್ಪರನ ದಂಡು ಗುಂಟೂರಿನ ಕಡೆಯಿಂದ ಆದೋನಿಗೆ ಹೊರಟಿತು. ದಾರಿ ಹೈದರನ ಹಿಡಿತದಲ್ಲಿದ್ದ ಕಡಪ ಸೀಮೆಯನ್ನು ದಾಟಬೇಕಿತ್ತು. ಹೈದರನ ಅಪ್ಪಣೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಬೆಟ್ಟದ ಕಣಿವೆಯಲ್ಲಿ ಹೈದರನ ಜನ ಆಗಲೇ ದಾರಿ ಕಟ್ಟಿ ನಿಂತಿದ್ದರು. ದಂಡು ಹಿಂದಿರುಗಿತು. ಮಾರನೆಯ ವರ್ಷ ಎರಡನೆಯ ಮೈಸೂರು ಯುದ್ಧ ಶುರುವಾದದ್ದಕ್ಕೆ ಇದೂ ಒಂದು ಕಾರಣ. ದಂಡು ಹೊರಟ ಸುದ್ದಿ ದಂಡಿಗಿಂತ ಮುಂಚೆ ಕಣಿವೆ ಮುಟ್ಟಿತ್ತೆಂದರೆ, ನಡುವೆ ಗ್ಲಾಸು, ಬೀಡಿಕಟ್ಟು, ಬೆಂಕಿಪೊಟ್ಟಣದ ಹಾಗೆ ಜನ ಸಾಲಾಗಿ ಕೂತಿರಲೇಬೇಕು.

ಸುದ್ದಿ ಓಡಿಸುವುದರಷ್ಟೇ ಅದನ್ನು ತಡೆಯುವುದೂ ಆ ಆಡಳಿತಕ್ಕೆ ಗೊತ್ತಿತ್ತು. 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ಬೀಡಿನಲ್ಲಿ ಹೈದರ್ ತೀರಿಕೊಂಡ. ಟಿಪ್ಪು ಆಗ ದೂರದ ಮಲಬಾರಿನಲ್ಲಿದ್ದ. ಹೈದರನ ಅಧಿಕಾರಿಗಳಾದ ಪೂರ್ಣಯ್ಯ, ಕೃಷ್ಣರಾವ್ ಮೊದಲಾದವರು ಸಾವನ್ನು ಮುಚ್ಚಿಟ್ಟರು. ಶವವನ್ನು ಖಜಾನೆಯ ಪೆಟ್ಟಿಗೆಯೆಂಬಂತೆ ಕಾವಲಿನ ಜೊತೆ ಕೋಲಾರಕ್ಕೆ ಸಾಗಿಸಿದರು. ಪಾಳೆಯದಲ್ಲಿ ಸಾವಿರಾರು ಸೈನಿಕರು ಒಡೆಯ ಕಾಯಿಲೆಯಲ್ಲಿದ್ದಾನೆ ಎಂದೇ ತಿಳಿದು ದಿನ ಕಳೆಯುತ್ತಿದ್ದಾಗ, ನಿಜವಾದ ಸುದ್ದಿ ನಾಡನ್ನು ಅಡ್ಡ ದಾಟಿ ನಾಲ್ಕೈದು ದಿನದಲ್ಲಿ ಟಿಪ್ಪುವಿನ ಕೈಗೆ ಸೇರಿತು.

ಮುಂದಿನ ವರ್ಷವೇ ಶಾಮಯ್ಯ ಬಿದ್ದ. 1783ರ ನಡುವಿನಲ್ಲಿ ಟಿಪ್ಪು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ. ಇತ್ತ ಶ್ರೀರಂಗಪಟ್ಟಣದಲ್ಲಿ ಒಡೆಯರ ಮನೆತನವನ್ನು ಮತ್ತೆ ಗದ್ದುಗೆಗೆ ತರುವ ಸಂಚು ನಡೆಯಿತು. ರಾಣಿ ಲಕ್ಷ್ಮಮ್ಮಣ್ಣಿಯವರ ಪರವಾಗಿ ಪ್ರಧಾನ ತಿರುಮಲರಾವ್ ಹಿಂದಿನ ವರ್ಷವೇ ಇಂಗ್ಲಿಷರ ಜೊತೆ ಒಪ್ಪಂದ ಮಾಡಿಕೊಂಡಿದ್ದರು. ಪಟ್ಟಣದೊಳಗೆ ಸಂಬಳ ಬಟವಾಡೆ ನೋಡಿಕೊಳ್ಳುತ್ತಿದ್ದ ನರಸಿಂಗರಾವ್ ಈ ಸಂಚಿನ ಮುಂದಾಳು. ಜೊತೆಗೆ ಕೊಯಮತ್ತೂರಿನ ಸಿಂಗಯ್ಯ, ಜೊತೆಗೆ ಅಂಚೆ ಶಾಮಯ್ಯ ಮತ್ತವನ ಸೋದರ. ನಡೆಯುವ ಮುನ್ನವೇ ಸುದ್ದಿ ಸೋರಿತು. ನರಸಿಂಗರಾವ್‌ಗೆ ಮರಣದಂಡನೆಯಾಯಿತು. ಶಾಮಯ್ಯನಿಗೆ ಸಂಕೋಲೆ ತೊಡಿಸಿ ಪಟ್ಟಣಕ್ಕೆ ತಂದು ಕಬ್ಬಿಣದ ಪಂಜರದಲ್ಲಿ ಇಟ್ಟರೆಂಬುದು ಮೈಸೂರಿನ ಇತಿಹಾಸಗಳು ಹೇಳುವ ಮಾತು. ಬೇರೆಯವರ ಗುಟ್ಟನ್ನು ಓಡಿಸಿ ತಂದವನ ಗುಟ್ಟು ಕಡೆಗೆ ಅದೇ ದಾರಿ ಹಿಡಿದು ಓಡಿತು. ಅವನು ಸತ್ತ ಮೇಲೂ ಅಂಚೆ ನಿಲ್ಲಲಿಲ್ಲ. ಬಿರುದು ಕಳೆದುಕೊಂಡದ್ದು ಮನುಷ್ಯ, ಪದಕ್ಕೆ ಏನೂ ಆಗಲಿಲ್ಲ.

ಶಾಮಯ್ಯನ ಕಥೆ ಓದುವಾಗಲೆಲ್ಲ ನನಗೆ ದಕ್ಷಿಣ ಅಮೆರಿಕದ ಪೆರು ದೇಶದ ವ್ಲಾದಿಮಿರೊ ಮೊಂತೆಸಿನೋಸ್ ನೆನಪಾಗುತ್ತಾನೆ. ಸೈನ್ಯದಿಂದ ಹೊರಬಿದ್ದು, ಜೈಲು ಕಂಡು, ವಕೀಲನಾಗಿ, 1990ರಲ್ಲಿ ಅಧ್ಯಕ್ಷ ಫುಜಿಮೋರಿಯ ಕಿವಿಯಾದವನು. ಕಾಗದದ ಮೇಲೆ ಅವನು ಸಲಹೆಗಾರ, ನಿಜದಲ್ಲಿ ಗುಪ್ತಚರ ಇಲಾಖೆಯ ಒಡೆಯ. ರಾಜಕಾರಣಿಗಳಿಗೆ ಲಂಚ ಕೊಡುವುದನ್ನು ಅವನೇ ಅಡಗಿಸಿಟ್ಟ ಕ್ಯಾಮೆರಾದಲ್ಲಿ ಚಿತ್ರಿಸಿಕೊಂಡು ಇಟ್ಟುಕೊಳ್ಳುತ್ತಿದ್ದ. 2000ದ ಸೆಪ್ಟೆಂಬರ್ 14ರಂದು ಅದರಲ್ಲೊಂದು ಟಿವಿಯಲ್ಲಿ ಬಿತ್ತರವಾಯಿತು. ಎರಡೇ ತಿಂಗಳಲ್ಲಿ ಸರ್ಕಾರ ಉರುಳಿತು. ಮರುವರ್ಷ ವೆನೆಜುವೆಲಾದಲ್ಲಿ ಸಿಕ್ಕಿಬಿದ್ದ ಅವನನ್ನು ಕಯಾವೊ ನೌಕಾನೆಲೆಯ ಸೆರೆಮನೆಗೆ ಹಾಕಿದರು. ಅವನ ಆಳ್ವಿಕೆಯ ಕಾಲದಲ್ಲೇ ಕಟ್ಟಿದ ಸೆರೆಮನೆ ಅದು.

ಅದೇ ಪೆರುವಿನ ಹಳೆಯ ಪದವೊಂದು ನನಗೆ ಅಂಚೆಯ ದೂರದ ನೆಂಟನಂತೆ ಕಾಣುತ್ತದೆ. ಇಂಕಾ ಅರಸರ ರಸ್ತೆಗಳಲ್ಲಿ ಸುದ್ದಿ ಹೊತ್ತು ಓಡುವವನಿಗೆ ‘ಚಸ್ಕಿ’ ಎನ್ನುತ್ತಿದ್ದರು. ಕೆಚುವಾ ಭಾಷೆಯಲ್ಲಿ ಅದರ ಬೇರು ‘ತೆಗೆದುಕೊಳ್ಳು’ ಎಂಬ ಕ್ರಿಯೆ. ಓಡುವವನಿಗೆ ಓಟದ ಹೆಸರಿಡದೆ, ಇನ್ನೊಬ್ಬನ ಕೈಯಿಂದ ತೆಗೆದುಕೊಳ್ಳುವವನು ಎಂದು ಹೆಸರಿಟ್ಟರು. ಹತ್ತಿರ ಬರುವಾಗ ಶಂಖ ಊದುತ್ತಿದ್ದ, ಮುಂದಿನವನು ಎದ್ದು ಸಿದ್ಧನಾಗಲೆಂದು. ನಮ್ಮ ಅಂಜಲ್ ಓಟಗಾರನ ಕೋಲಿಗೂ ಗೆಜ್ಜೆ ಕಟ್ಟಿರುತ್ತಿತ್ತು. ತಿರುವಾಂಕೂರಿನಲ್ಲಿ ಆ ಗೆಜ್ಜೆಯ ಸದ್ದಿಗೆ ದಾರಿ ಬಿಡಬೇಕಿತ್ತು. ಎರಡು ಖಂಡಗಳಲ್ಲೂ ಹೆಸರು ಹುಟ್ಟಿದ್ದು ಕೈದಾಟಿನಿಂದ.

ಇಷ್ಟು ಹೊತ್ತು ಬೇಹು ಎಂಬ ಮಾತು ಬಂದು ಹೋಗುತ್ತಿದೆ, ಅದನ್ನೂ ಒಂದು ಕ್ಷಣ ನಿಲ್ಲಿಸಿ ನೋಡಬೇಕು. ಬೇರು ತೆಲುಗಿನಲ್ಲಿ ವೇರು ಆದಂತೆ, ನಮ್ಮ ಬೇಹು ಅಲ್ಲಿ ವೇಗು. ಬೇಹುಗಾರ ಅಲ್ಲಿ ‘ವೇಗುಲವಾಡು’. ತಮಿಳಿನಲ್ಲಿ ವೇವು. ಈ ಕೆಲಸಕ್ಕೆ ನಮ್ಮ ಭಾಷೆಗಳಲ್ಲಿ ಸ್ವಂತ ಪದವೇ ಇತ್ತು, ಯಾರಿಂದಲೂ ಎರವಲು ತರಬೇಕಿರಲಿಲ್ಲ. ಆದರೂ ತಂದದ್ದು ಒಂದಿದೆ, ‘ಹರಿಕಾರ’. ಪಾರಸಿಯ ಹರ್‌ಕಾರಾ ಎಂದರೆ ಎಲ್ಲ ಕೆಲಸಕ್ಕೂ ಒದಗುವವನು. ಮೊಗಲರ ಆಡಳಿತದಲ್ಲಿ ಅವನು ಸುದ್ದಿ ಒಯ್ಯುವವನು, ಒಯ್ಯುತ್ತಲೇ ಸುದ್ದಿ ಹೆಕ್ಕುವವನು. ಕನ್ನಡದವರು ಅದನ್ನು ತಮ್ಮ ‘ಹರಿ’ ಎಂಬ ಕ್ರಿಯೆಗೆ, ಓಡುವುದು, ಹರಿದಾಡುವುದು ಎಂಬ ಅರ್ಥಕ್ಕೆ ಹೊಂದಿಸಿಕೊಂಡು ಹರಿಕಾರ ಮಾಡಿಕೊಂಡರು. ಸುದ್ದಿಯನ್ನು ಎಲ್ಲರಿಗಿಂತ ಮುಂಚೆ ತರುವವನು ಎಂಬ ಅರ್ಥ ಜಾರುತ್ತ ಜಾರುತ್ತ, ಹೊಸದನ್ನು ಎಲ್ಲರಿಗಿಂತ ಮುಂಚೆ ಮಾಡುವವನು ಎಂದಾಯಿತು. ಈಗ ಬಳ್ಳಾರಿಯಿಂದ ಬೀದರಿನವರೆಗೆ ಯಾವ ಊರಿನ ಫ್ಲೆಕ್ಸ್ ನೋಡಿದರೂ ಒಬ್ಬರಲ್ಲ ಒಬ್ಬರು ನಾಯಕರು ‘ಅಭಿವೃದ್ಧಿಯ ಹರಿಕಾರ’ರು. ಬೇಹಿನ ನಂಟು ಆ ಪದದಿಂದ ಪೂರ್ತಿ ತೊಳೆದುಹೋಗಿದೆ. ಪದಗಳಿಗೂ ಹೀಗೆ ಎರಡನೆಯ ಬದುಕು ಸಿಗುವುದನ್ನು ಕಂಡರೆ ನನಗೆ ಸಂತೋಷವಾಗುತ್ತದೆ.

ಆದೋನಿಗೆ ಮರಳೋಣ. 1786ರ ಮಳೆಗಾಲದ ಹೊಸ್ತಿಲಲ್ಲಿ ಟಿಪ್ಪು ಈ ಕೋಟೆಗೆ ಮುತ್ತಿಗೆ ಹಾಕಿದ. ಬಸಾಲತ್ ಜಂಗ್ ತೀರಿಹೋಗಿದ್ದ, ಅವನ ಮನೆಯವರು ಒಳಗಿದ್ದರು. ನಿಜಾಮನ ಮತ್ತು ಮರಾಠರ ಸೈನ್ಯ ಬಂದು ಅವರನ್ನು ಬಿಡಿಸಿಕೊಂಡು, ತುಂಗಭದ್ರೆ ತುಂಬುವ ಮೊದಲು ದಾಟಿಸಿ ಕರೆದೊಯ್ದಿತು. ಟಿಪ್ಪು ಬರಿದಾದ ಕೋಟೆ ಹೊಕ್ಕು ಗೋಡೆಗಳನ್ನು ಕೆಡವಿಸಿದ. ಮರುವರ್ಷದ ಒಪ್ಪಂದದಲ್ಲಿ ಆದೋನಿ ಮತ್ತೆ ನಿಜಾಮನ ಕೈಸೇರಿತು. ಹಾಗಾಗಿ ಮೈಸೂರಿನ ಅಂಚೆ ಇಲ್ಲಿ ಬೇರು ಬಿಡಲು ಕಾಲವೇ ಸಿಗಲಿಲ್ಲ. 1800ರಲ್ಲಿ ನಿಜಾಮ ಈ ಸೀಮೆಯನ್ನೆಲ್ಲ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಕಲೆಕ್ಟರನಾಗಿ ಬಂದ. ಇವನು ತಿರುವಾಂಕೂರಿನ ಮನ್ರೋ ಅಲ್ಲ, ರೈತವಾರಿ ತಂದ ಮನ್ರೋ, 1827ರಲ್ಲಿ ಇದೇ ಸೀಮೆಯ ಪತ್ತಿಕೊಂಡದಲ್ಲಿ ಕಾಲರಾಕ್ಕೆ ತುತ್ತಾದವನು. ಮದರಾಸಿನ ಕಂಪನಿ ಸರ್ಕಾರ ತನ್ನ ಪತ್ರವ್ಯವಸ್ಥೆಗೆ ಬಳಸುತ್ತಿದ್ದ ಪದ ‘ಟಪಾಲು’. ಮರಾಠಿಯಲ್ಲಿ, ತೆಲುಗಿನಲ್ಲಿ, ಮಲಯಾಳದಲ್ಲಿ ಇವತ್ತಿಗೂ ಅದೇ. ತಮಿಳು ಎರಡನ್ನೂ ಇಟ್ಟುಕೊಂಡಿದೆ. ಬಳ್ಳಾರಿ, ಆದೋನಿಯ ಕನ್ನಡದವರೂ ಟಪಾಲು ಎಂದರು. ಧಾರವಾಡದ ಕಡೆಯ ಹಿರಿಯರ ಬಾಯಲ್ಲೂ ಟಪಾಲೇ. 1871ರ ಹೊತ್ತಿಗೆ ಮದರಾಸಿನಿಂದ ಬಂದ ರೈಲುಹಳಿ ಗುಂತಕಲ್ಲು, ಆದೋನಿ ದಾಟಿ ರಾಯಚೂರಿನಲ್ಲಿ ಮುಂಬಯಿಯ ಹಳಿಯನ್ನು ಕೂಡಿತು. ಕಾಗದ ರೈಲಿನಲ್ಲಿ ಹೋಗತೊಡಗಿದ ಮೇಲೆ ಓಟಗಾರನ ಗೆಜ್ಜೆ ಈ ಹಳಿಯ ದಾರಿಯಲ್ಲಿ ನಿಂತಿತು.

ಅತ್ತ ಮೈಸೂರಿನಲ್ಲಿ ಅಂಚೆ ತನ್ನ ಹೆಸರಿನಲ್ಲೇ ಬದುಕಿತ್ತು. 1799ರ ನಂತರ ಪೂರ್ಣಯ್ಯ ಅದನ್ನು ಮತ್ತೆ ಕಟ್ಟಿದರು. ನಿಧಾನವಾಗಿ ಬೇಹು ಬೇರೆಯಾಯಿತು, ಪೊಲೀಸು ಬೇರೆಯಾಯಿತು, ಉಳಿದದ್ದು ಕಾಗದ. 1889ರಲ್ಲಿ ಮೈಸೂರು ಅಂಚೆ ಬ್ರಿಟಿಷ್ ಇಂಡಿಯಾದ ಇಲಾಖೆಯಲ್ಲಿ ಸೇರಿಹೋಯಿತು. ಇಲಾಖೆ ಹೋದರೂ ಪದ ಹೋಗಲಿಲ್ಲ. ಅಂಚೆಮನೆ, ಅಂಚೆಪೆಟ್ಟಿಗೆ, ಅಂಚೆಚೀಟಿ, ಅಂಚೆಯಣ್ಣ. ಏಕೀಕರಣವಾದ ಮೇಲೆ ಮೈಸೂರಿನ ಪದವೇ ಕರ್ನಾಟಕದ ಪದವಾಯಿತು, ಧಾರವಾಡದ, ಬಳ್ಳಾರಿಯ ಟಪಾಲು ಮನೆಯೊಳಗಿನ ಮಾತಾಗಿ ಹಿಂದೆ ಸರಿಯಿತು. ಕಂಪ್ಯೂಟರ್ ಬಂದಾಗ ‘ಮಿಂಚಂಚೆ’ ಎಂದು ಹೊಸ ಪದ ಕಟ್ಟಿದವರು ಆ ಹಳೆಯ ಪದದ ಮೇಲೆಯೇ ಕಟ್ಟಿದರು.

ಆದರೆ ಆದೋನಿಗೆ ಆ ಅಂಚೆ ಬರಲಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಹರಿದು ಹಂಚಿಹೋಯಿತು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆಯ ಕಡೆ ಮೈಸೂರಿಗೆ ಬಂದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಅದರಲ್ಲಿ ಆದೋನಿ, ಆಲೂರು ಕರ್ನೂಲು ಜಿಲ್ಲೆ ಸೇರಿದವು. ಇವತ್ತು ಸಿರುಗುಪ್ಪದಲ್ಲಿ ಬೋರ್ಡಿನ ಮೇಲೆ ‘ಅಂಚೆ ಕಛೇರಿ’, ಗಡಿ ದಾಟಿದರೆ ಕೌತಾಳದಲ್ಲಿ, ಹೊಳಗುಂದದಲ್ಲಿ ‘ತಪಾಲಾ’. ಒಂದೇ ಇಲಾಖೆ, ಒಂದೇ ಕೆಂಪು ಡಬ್ಬಿ. ಹೊಲದ ಮಣ್ಣೂ ಅದೇ ಕಪ್ಪು ಎರೆ. ಗಡಿಯ ಈಚೆಯವನು ಅಂಚೆ ಎಂದಾಗ ಕಾಗದ ನೆನೆಯುತ್ತಾನೆ. ಆಚೆಯವನು ಅಂಚೆ ಎಂದಾಗ ಬೆಂಚಿನ ಮೇಲಿನ ಗ್ಲಾಸು, ಬೀಡಿಕಟ್ಟು, ಬೆಂಕಿಪೊಟ್ಟಣ. ಪದದ ಮೈಯನ್ನು ನಾವು ಕಾಪಾಡಿದೆವು, ಅದರ ಹಳೆಯ ಅರ್ಥವನ್ನು ಅವರು ಕಾಪಾಡಿದರು. ಎರಡನ್ನೂ ಒಂದೇ ಬಾಯಲ್ಲಿ ಇಟ್ಟುಕೊಂಡವರು ಈ ಗಡಿಹಳ್ಳಿಗಳ ಜನ. ಅವರ ಕನ್ನಡವನ್ನು ತೆಲುಗು ಬೆರೆತ ಕನ್ನಡ ಎಂದು ಕಡೆಗಣಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ನಿಘಂಟಿನ ಎರಡು ಪುಟ ಅವರ ನಾಲಗೆಯ ಮೇಲೆ ಒಟ್ಟಿಗೆ ತೆರೆದಿವೆ.

ಇದೇ ಕರ್ನೂಲು ಜಿಲ್ಲೆಯಲ್ಲಿ, ಗುತ್ತಿ ಪಟ್ಟಣಕ್ಕೆ ಹತ್ತಿರ, ಎರ್ರಗುಡಿ ಎಂಬ ಊರಿನ ಬಂಡೆಗಳ ಮೇಲೆ ಅಶೋಕನ ಹದಿನಾಲ್ಕು ದೊಡ್ಡ ಶಾಸನಗಳಿವೆ. ಆರನೆಯ ಶಾಸನ ಸುದ್ದಿಯ ಬಗ್ಗೆಯೇ. ತಾನು ಊಟಕ್ಕೆ ಕೂತಿರಲಿ, ಅಂತಃಪುರದಲ್ಲಿರಲಿ, ಮಲಗುವ ಮನೆಯಲ್ಲಿರಲಿ, ತೋಟದಲ್ಲಿರಲಿ, ಪ್ರಜೆಗಳ ವಿಷಯವನ್ನು ‘ಪ್ರತಿವೇದಕರು’ ಯಾವ ಹೊತ್ತಿನಲ್ಲಾದರೂ ಬಂದು ತಿಳಿಸಬಹುದು ಎಂದು ದೊರೆ ಅಲ್ಲಿ ಅಪ್ಪಣೆ ಕೊಡಿಸಿದ್ದಾನೆ. ಅಂಚೆ ಎಂಬ ಪದ ಆ ಬಂಡೆಯ ಮೇಲಿಲ್ಲ, ಪ್ರಾಕೃತದಲ್ಲಿ ಅದು ಇರುವಂತೆಯೂ ಇಲ್ಲ. ಆದರೆ ಪ್ರತಿವೇದಕನೂ ಅಂಚೆ ಶಾಮಯ್ಯನೂ ಮಾಡಿದ್ದು ಒಂದೇ ಕೆಲಸ. ದೂರದ ಹಳ್ಳಿಯ ಮಾತನ್ನು ದೊರೆಯ ಕಿವಿಗೆ ಮುಟ್ಟಿಸುವುದು. ಆ ಮಾತು ಹಳ್ಳಿಯವನ ಅಹವಾಲಾಗಿತ್ತೋ, ಹಳ್ಳಿಯವನ ಮೇಲಿನ ಚಾಡಿಯಾಗಿತ್ತೋ ಎಂಬುದರ ಮೇಲೆ ಎಲ್ಲ ನಿಂತಿತ್ತು. ಅಶೋಕ ಕೇಳಲು ಬಯಸಿದ್ದು ಮೊದಲನೆಯದನ್ನು ಎಂದು ಆ ಬಂಡೆಯ ಧಾಟಿ ಹೇಳುತ್ತದೆ, ನಾನು ಅದನ್ನು ನಂಬುತ್ತೇನೆ.

ಚಹದಂಗಡಿಯ ಆ ಹಿರಿಯರು ಏಳುವ ಮುಂಚೆ ಅಂಗಿಯ ಜೇಬಿನಿಂದ ಮಡಿಸಿದ ಲಗ್ನಪತ್ರಿಕೆಯೊಂದನ್ನು ತೆಗೆದು ನನ್ನ ಕೈಗಿಟ್ಟರು. ಮೊಮ್ಮಗಳ ಮದುವೆ, ಬೀಗರು ಬಳ್ಳಾರಿ ಕಡೆಯವರು. ಒಂದು ಮಗ್ಗುಲು ತೆಲುಗು, ಇನ್ನೊಂದು ಮಗ್ಗುಲು ಕನ್ನಡ, ಅಚ್ಚಾದದ್ದು ಬಳ್ಳಾರಿಯಲ್ಲಿ. ಕನ್ನಡದ ಮಗ್ಗುಲಿನ ಕೆಳಗೆ ವಿಳಾಸವಿತ್ತು. ಊರಿನ ಹೆಸರು, ಆಮೇಲೆ ‘ಅಂಚೆ’ ಎಂದು ಬರೆದು ಎರಡು ಚುಕ್ಕೆ, ಅದರ ಮುಂದೆ ಹೊಳಗುಂದ, ಕರ್ನೂಲು ಜಿಲ್ಲೆ.